ಅಜ್ಜಿ ಕಡಲೆ

ಆ ಮನೆಯಲ್ಲಿ ಜಗಳ ಶುರುವಾಗಿದ್ದು ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ. ಸೊಸೆ ಒಗೆದ ಬಟ್ಟೆಯ ಬಕೆಟ್ ಹೊತ್ತು ಹಿತ್ತಲಿಗೆ ಬಂದು ನೋಡುತ್ತಾಳೆ, ಹಗ್ಗದ ತುಂಬ ಖಾಲಿ ಪ್ಲಾಸ್ಟಿಕ್ ಪ್ಯಾಕೆಟ್ಟುಗಳು ಕ್ಲಿಪ್ಪು ಕಚ್ಚಿಸಿಕೊಂಡು ಸಾಲಾಗಿ ನೇತಾಡುತ್ತಿವೆ. ಪ್ರತಿಯೊಂದರ ಮೇಲೂ ಅವಳ ಅತ್ತೆಯ ಮುಖ. ಅತ್ತೆ ತೀರಿಕೊಂಡು ವರ್ಷ ದಾಟಿತ್ತು. ಗಾಳಿ ಬೀಸಿದಾಗ ಅಷ್ಟೂ ಅತ್ತೆಯರು ಒಟ್ಟಿಗೆ ತಲೆಯಾಡಿಸಿದರು.

"ಮಾವಾ!" ಸೊಸೆಯ ಕೂಗಿಗೆ ಪಕ್ಕದ ಮನೆಯ ಬೆಕ್ಕು ಗೋಡೆ ಇಳಿದು ಹೋಯಿತು. "ಏನಿದೆಲ್ಲ? ಒಬ್ಬ ಅತ್ತೆ ಜೊತೆ ಏಗೋದೇ ನನಗೆ ಸಾಕುಸಾಕಾಗಿತ್ತು. ಈಗ ಇಷ್ಟು ಜನಾನ ಕಟ್ಕೊಂಡು ನಾನು ಬಟ್ಟೆ ಎಲ್ಲಿ ಹಾಕ್ಲಿ?"

"ಸ್ವಲ್ಪ ಹೊತ್ತು ಇರಲಮ್ಮ. ಉಪ್ಪುನೀರು ಹೋಗ್ಲಿ ಅಂತ ತೊಳೆದಿದ್ದೀನಿ. ಒಣಗಿದ ಮೇಲೆ ತೆಗೀತೀನಿ."

"ತೆಗೆದು ಏನು ಮಾಡ್ತೀರಾ?"

ಮಾವ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ.

ಈ ಮಾವ ಬೀದಿಗೆಲ್ಲ ಬೋರ್ಡ್ ತಾತ. ಅಂಗಡಿಯ ಹೆಸರು, ಬಸ್ಸಿನ ನಂಬರು, ದೋಣಿಯ ಹಣೆಬರಹ, 'ಇಲ್ಲಿ ಗಾಡಿ ನಿಲ್ಲಿಸಬೇಡಿ', ಹೀಗೆ ಊರಲ್ಲಿ ಅಕ್ಷರ ಬೇಕಾದವರೆಲ್ಲ ಒಂದು ಕಾಲದಲ್ಲಿ ಅವನ ಬಾಗಿಲಿಗೇ ಬರುತ್ತಿದ್ದರು. ಈಗ ಎಲ್ಲವೂ ಕಂಪ್ಯೂಟರಿನಿಂದ ಪ್ರಿಂಟಾಗಿ ಬರುತ್ತದೆ, ತಾತನ ಬ್ರಷ್ಷುಗಳು ಸೆಟೆದುಕೊಂಡು ಮೂಲೆ ಸೇರಿವೆ.

ಅವನ ಹೆಂಡತಿ ಕಡಲ ದಂಡೆಯಲ್ಲಿ ಹುರಿದ ಕಡಲೆಬೀಜದ ಗಾಡಿ ಇಟ್ಟುಕೊಂಡಿದ್ದಳು. ಹಳೇ ಪೇಪರ್ ಹರಿದು ಪೊಟ್ಟಣ ಸುತ್ತಿ ಕೊಡುವುದು. ಸುತ್ತುವ ಮುಂಚೆ ಆ ಚೂರಿನಲ್ಲಿರುವ ಸುದ್ದಿ ಓದಿ ಮುಗಿಸುವ ಚಟ ಅವಳಿಗೆ, ಗಿರಾಕಿ ಅಲ್ಲಿಯವರೆಗೆ ಕಾಯಬೇಕು. "ಹಳೇ ಸುದ್ದಿ ಕಣೆ ಅದು" ಎಂದು ಗಂಡ ಹೇಳಿದರೆ "ನನಗೆ ಹೊಸದು ತಾನೆ" ಎನ್ನುವಳು. ಗಾಡಿಯ ಮುಂದಿನ ಹಲಗೆಯ ಮೇಲೆ ಅವಳ ಮುಖ ಬರೆದು ಕೆಳಗೆ 'ಅಜ್ಜಿ ಕಡಲೆ' ಎಂದು ಬರೆದಾಗ ಅವಳ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಅಜ್ಜಿ ಎಂದರೆ ಜನ ನಂಬಿ ತಿನ್ನುತ್ತಾರೆ ಎಂಬುದು ಅವನ ಲೆಕ್ಕಾಚಾರ. ಮೂಗಿನ ತುದಿಗೆ ಜಾರಿದ ಕನ್ನಡಕ, ಒಂದೇ ಬದಿಗೆ ಏಳುವ ನಗು, ಕೆನ್ನೆಗೆ ನಾಲ್ಕು ಸುಕ್ಕು. ಅವಳು ಮುಖ ಊದಿಸಿಕೊಂಡು ಮಾತು ಬಿಟ್ಟಳು. ಆಮೇಲೆ ವರ್ಷ ಕಳೆದ ಹಾಗೆ, ಗಂಡ ಬರೆದ ಆ ಚಿತ್ರಕ್ಕೆ ಸರಿಯಾಗಿ ಮುದುಕಿಯಾದಳು.

ಅಷ್ಟರಲ್ಲಿ ಮಗ ಪ್ಯಾಕಿಂಗ್ ಮೆಷಿನ್ ತಂದು ಮನೆಯ ಮುಂದಿನ ಕೋಣೆಯಲ್ಲಿ ಕೂರಿಸಿದ್ದ. ಸೊಸೆ ಹುರಿದು ಪ್ಯಾಕ್ ಮಾಡುವಳು, ಮಗ ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಹಾಕಿ ಬರುವನು. ಉಪ್ಪುಗಾಳಿಗೆ ಲಡ್ಡಾಗಿದ್ದ ಗಾಡಿ ಗುಜರಿಗೆ ಹೋಗುವ ಮುಂಚೆ ಮಗ ಆ ಹಲಗೆಯದೊಂದು ಫೋಟೋ ತೆಗೆದಿಟ್ಟುಕೊಂಡಿದ್ದ. ಅಮ್ಮ ಹೋದ ಮೇಲೆ ಅದನ್ನು ಪ್ಯಾಕೆಟ್ಟಿನ ಮೇಲೆ ಪ್ರಿಂಟ್ ಹಾಕಿಸಿದ. ಅಮ್ಮನ ನೆನಪಿಗೆ ಎಂದ. ವ್ಯಾಪಾರವೂ ಕುದುರಿತು. ಎರಡೂ ಸುಳ್ಳಲ್ಲ.

ಮೊದಮೊದಲು ತಾತನಿಗೂ ಖುಷಿಯೇ. ಫೋಟೋ ಎಂದರೆ ಓಡುತ್ತಿದ್ದ ಹೆಂಡತಿ ಅವಳು, ಮನೆಯಲ್ಲಿರುವ ಒಂದೆರಡು ಫೋಟೋಗಳಲ್ಲೂ ಕಣ್ಣು ಮುಚ್ಚಿಕೊಂಡಿದ್ದಾಳೆ. ಈಗ ಯಾವ ಅಂಗಡಿಯ ಮುಂದೆ ನಿಂತರೂ ಕಣ್ಣು ಬಿಟ್ಟುಕೊಂಡು ಮಾಲೆಮಾಲೆಯಾಗಿ ನೇತಾಡುತ್ತಿದ್ದಳು. ಆದರೆ ಒಂದು ಬೆಳಿಗ್ಗೆ ವಾಕಿಂಗ್ ಹೋದವನಿಗೆ ಒದ್ದೆ ಮರಳಿನಲ್ಲಿ ಅವಳು ಕಂಡಳು. ಯಾರದೋ ಚಪ್ಪಲಿ ಮುಖ ತುಳಿದು ಹೋಗಿತ್ತು. ತಾತ ಅತ್ತಿತ್ತ ನೋಡಿ, ಬಗ್ಗಿ, ಎತ್ತಿ ಕಿಸೆಗೆ ಹಾಕಿಕೊಂಡ. ನಾಲ್ಕು ಹೆಜ್ಜೆಗೆ ಇನ್ನೊಬ್ಬಳು ಸಿಕ್ಕಳು. ಮರುದಿನ ಚೀಲ ತೆಗೆದುಕೊಂಡು ಹೋದ.

ಹೀಗೆ ದಿನಾ ಬಗ್ಗುವ ಮುದುಕನನ್ನು ನೋಡಿದ್ದು ಒಬ್ಬಳು ಹುಡುಗಿ. ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂರುವವಳು, ಭಾನುವಾರ ಬಂದರೆ ಹತ್ತಾರು ಜನರನ್ನು ಕಟ್ಟಿಕೊಂಡು ದಂಡೆ ಗುಡಿಸುವಳು, ವಾರದ ನಡುವೆ ರಜೆ ಸಿಕ್ಕರೆ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಡಲಿನ ಪಾಠ ಹೇಳುವಳು.

"ಸರ್, ದಿನಾ ನೋಡ್ತೀನಿ ನಿಮ್ಮನ್ನ. ನಾವು ವಾರಕ್ಕೊಂದು ಸಲ ಗುಡಿಸೋದೇ ದೊಡ್ಡದು ಅಂದ್ಕೊಂಡಿದ್ವಿ. ನಮ್ಮ ಜೊತೆ ಬರ್ತೀರಾ?"

"ನಾನಾ? ನಾನು ಸುಮ್ನೆ..."

"ಸುಮ್ನೆ ಮಾಡೋರೇ ಬೇಕು ಸರ್ ನಮಗೆ" ಎಂದು ನಕ್ಕು ಕೈಗೊಂದು ಗ್ಲೌಸು, ತಲೆಗೊಂದು ಟೋಪಿ ಕೊಟ್ಟೇಬಿಟ್ಟಳು.

ತಾತ ಎತ್ತುತ್ತಿದ್ದುದು ಅಜ್ಜಿಯ ಪ್ಯಾಕೆಟ್ ಮಾತ್ರ ಎಂಬುದು ಅವಳ ಗಮನಕ್ಕೆ ಬಂದಿರಲಿಲ್ಲ. ಬಾಟಲಿ, ಹರಿದ ಬಲೆ, ಒಂಟಿ ಚಪ್ಪಲಿ ಎಲ್ಲವನ್ನೂ ಅವನು ದಾಟಿಕೊಂಡೇ ಹೋಗುತ್ತಿದ್ದ. ಇದು ನನ್ನ ಹೆಂಡತಿ ಕಣಮ್ಮ ಎಂದು ಅಂದೇ ಹೇಳಿಬಿಡಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅವಳು ಫ್ಲಾಸ್ಕಿನಿಂದ ಟೀ ಬಗ್ಗಿಸಿ "ಸಕ್ಕರೆ ಸಾಕಾ ಸರ್?" ಎಂದು ಕೇಳಿ, ಅವನ ಉತ್ತರಕ್ಕಾಗಿ ಕಾಯುತ್ತ ನಿಂತಳು. ಮನೆಯಲ್ಲಿ ಮೆಷಿನ್ನಿನ ಸದ್ದಿಗೆ ಯಾರಿಗೂ ಯಾರ ಮಾತೂ ಕೇಳುವುದಿಲ್ಲ, ಬಿಡುವಾದವರು ಬಿಡುವಾದಾಗ ತಟ್ಟೆ ಹಾಕಿಕೊಂಡು ಉಣ್ಣುತ್ತಾರೆ. ತನ್ನ ಉತ್ತರಕ್ಕಾಗಿ ಯಾರಾದರೂ ಕಾದು ನಿಂತು ಬಹಳ ದಿನವಾಗಿತ್ತು. ತಾತ ಭಾನುವಾರಗಳಿಗೆ ಒಪ್ಪಿಕೊಂಡ.

ಅವನು ಬೋರ್ಡ್ ಬರೆಯುವವನೆಂದು ತಿಳಿದ ಕೂಡಲೇ ಬ್ಯಾಂಕಿನ ಹುಡುಗಿ ಉದ್ದನೆಯ ಬಟ್ಟೆ ತಂದಳು. "ಬರೀ ಮೂರು ಪದ ಸರ್. ಕಡಲು ನಮ್ಮ ಉಸಿರು."

ತಾತ ಸೀಮೆಎಣ್ಣೆಯಲ್ಲಿ ಬ್ರಷ್ಷು ನೆನೆಸಿ ಮೆತ್ತಗೆ ಮಾಡಿ, ಹಿತ್ತಲಲ್ಲಿ ಮಂಡಿಯೂರಿ ಬರೆದ. ಅಕ್ಷರ ಮುತ್ತಿನ ಹಾಗೆ ಬಂತು. ಭಾನುವಾರ ದಂಡೆಯಲ್ಲಿ ಎರಡು ಕಂಬಕ್ಕೆ ಕಟ್ಟಿದರು. ಅದರ ಕೆಳಗೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡರು, ಭಾಷಣವೂ ಆಯಿತು. ಅಲ್ಲಿಗೆ ಸರಕು ಹಾಕಲು ಬಂದ ಮಗ ಸ್ಕೂಟರ್ ನಿಲ್ಲಿಸಿ ತಲೆಯೆತ್ತಿ ನೋಡಿದವನು ಬಿದ್ದು ಬಿದ್ದು ನಕ್ಕ.

'ಕಡಲೆ ನಮ್ಮ ಉಸಿರು.'

ಲಕಾರಕ್ಕೆ ಕೊಂಬು ಕೊಡುವ ಕಡೆ ತಾತ ಎತ್ವ ಕೊಟ್ಟಿದ್ದ. ಪ್ರತಿ ವರ್ಷ ಗಾಡಿಯ ಹಲಗೆಗೆ ಹೊಸ ಬಣ್ಣ ಹಚ್ಚಿದಾಗ ಬರೆದ ಅಕ್ಷರ ಅದು, ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ಯೋಚಿಸಿ ನೋಡಿದರೆ ಇಷ್ಟು ವರ್ಷ ಕಡಲ ಪಕ್ಕದಲ್ಲೇ ಬದುಕಿದ್ದರೂ ಕಡಲು ಎಂದು ಬರೆದುಕೊಡಿ ಅಂತ ಯಾರೂ ಅವನನ್ನು ಕೇಳಿರಲಿಲ್ಲ.

"ಅಪ್ಪ, ಇಂಥ ಜಾಹೀರಾತು ದುಡ್ಡು ಕೊಟ್ರೂ ಸಿಗಲ್ಲ!" ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ಫೋನು ತೋರಿಸಿದ. "ಅಂಗಡಿಯವರಿಗೆಲ್ಲ ಕಳಿಸಿದ್ದೀನಿ. ಇನ್ನೆರಡು ಬ್ಯಾನರ್ ಬರೆದುಬಿಡಿ."

"ಗುಂಪಿನವರು ಏನಂದ್ರು ತಾತ?" ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಕೇಳಿದಳು.

"ಆ ಹುಡುಗಿ ನಕ್ಕಳು. ಹಸಿವಾಗಿತ್ತಾ ಸರ್ ಅಂತ ಕೇಳಿದಳು."

"ನಕ್ಕು ಬಿಟ್ರಲ್ಲ, ಪುಣ್ಯ" ಎಂದಳು ಸೊಸೆ, ಪಲ್ಯ ಬಡಿಸುತ್ತ. "ನಾಳೆ ಅವರೇ ಬಂದು ಪ್ಲಾಸ್ಟಿಕ್ ಬೇಡ ಅಂತ ನಮ್ಮ ಬಾಗಿಲು ತಟ್ತಾರೆ, ನೋಡ್ತಿರಿ. ಹೊಟ್ಟೆಪಾಡಿಗೆ ನಾವು ಹುರಿಯೋದು, ಊರ ಉಸಾಬರಿಗೆ ಮಾವ ಆಯೋದು. ಮಂಚದ ಕೆಳಗೆ ಆ ಬಣ್ಣದ ಡಬ್ಬ ತುಂಬಿ ತುಳುಕ್ತಿದೆ. ಇರುವೆ ಬರೋಕೆ ಮುಂಚೆ ಅದನ್ನ ಎಲ್ಲಾದ್ರೂ ಸಾಗಿಸಿ."

ಡಬ್ಬದಲ್ಲಿದ್ದುದು ತೊಳೆದು ಒಣಗಿಸಿದ ಅಜ್ಜಿಯರು. ಅದನ್ನು ಸಾಗಿಸಲು ಒಂದು ಜಾಗ ತಾನಾಗಿಯೇ ಒದಗಿತು.

ಮುಂದಿನ ವಾರ ಬ್ಯಾಂಕಿನ ಹುಡುಗಿಯ ಪಾಠ ಇದ್ದುದು ಮೊಮ್ಮಗಳ ಶಾಲೆಯಲ್ಲೇ. "ನೀವೂ ಬನ್ನಿ ಸರ್. ನೀವು ಇಷ್ಟು ದಿನ ಆಯ್ದಿದ್ದನ್ನೂ ತನ್ನಿ, ಮಕ್ಕಳು ಕಣ್ಣಾರೆ ನೋಡ್ಲಿ" ಎಂದಿದ್ದಳು. ತಾತ ಇಸ್ತ್ರಿ ಶರ್ಟು ತೊಟ್ಟು ಡಬ್ಬ ಹೊತ್ತುಕೊಂಡು ಹೊರಟ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಸಂತೋಷವಾಗಿತ್ತು. ಮರಳು ಹೋಗಿ ಚೊಕ್ಕಟವಾದ ಅವಳ ಮುಖವನ್ನು ನಾಲ್ಕು ಜನ ನೋಡುತ್ತಾರಲ್ಲ ಎಂದುಕೊಂಡಿದ್ದ.

ಪಾಠ ಚೆನ್ನಾಗಿಯೇ ನಡೆಯಿತು. ಆಮೆ ಪ್ಲಾಸ್ಟಿಕ್ಕನ್ನು ಜೆಲ್ಲಿ ಮೀನು ಎಂದುಕೊಂಡು ನುಂಗುವುದನ್ನು ಹುಡುಗಿ ಹೇಳಿದಳು, ತಾತ ಕಪ್ಪು ಹಲಗೆಯ ಮೇಲೆ ಆಮೆ ಬರೆದ. ಮಕ್ಕಳು ಓಹೋ ಎಂದರು. ಮೂರನೇ ಬೆಂಚಿನಲ್ಲಿ ಕೂತಿದ್ದ ಮೊಮ್ಮಗಳು ಪಕ್ಕದವಳಿಗೆ ಮೊಣಕೈಯಿಂದ ತಿವಿದು "ನಮ್ಮ ತಾತ" ಎಂದಳು. ಆಮೇಲೆ ಹುಡುಗಿ ದಂಡೆಯ ಮೂಟೆಗಳನ್ನು ಬಿಚ್ಚಿ ನೆಲಕ್ಕೆ ಸುರಿಸಿ, ಯಾರ ಪ್ಯಾಕೆಟ್ ಹೆಚ್ಚಿದೆಯೋ ಬೇರೆ ಬೇರೆ ಗುಡ್ಡೆ ಮಾಡಿ ನೋಡಿ ಎಂದಳು. ತಾತನ ಡಬ್ಬವೂ ಅದರ ಮೇಲೆ ಬರಿದಾಯಿತು.

ಬಿಸ್ಕತ್ತಿನದೊಂದು ಗುಡ್ಡೆ, ಶಾಂಪೂವಿನದೊಂದು. ಅಜ್ಜಿಯ ಗುಡ್ಡೆ ಅವೆರಡನ್ನೂ ಮೀರಿ ಬೆಳೆಯಿತು. ತಾತ ಅಷ್ಟು ದಿನದಿಂದ ಕೂಡಿಟ್ಟಿದ್ದಲ್ಲವೇ? ಬೆಳೆಯದೆ ಏನು ಮಾಡೀತು?

"ಹೆಚ್ಚು ಯಾರದ್ದು?"

"ಅಜ್ಜಿ ಕಡಲೆ!" ತರಗತಿಯೆಲ್ಲ ಒಂದೇ ಕೊರಳಿನಲ್ಲಿ ಕೂಗಿತು.

"ಮಿಸ್, ಕಡಲನ್ನ ಹಾಳು ಮಾಡಿ ಹ್ಯಾಗೆ ನಗ್ತಾ ಇದಾಳೆ ನೋಡಿ ಈ ಅಜ್ಜಿ! ನಾಚಿಕೇನೇ ಇಲ್ಲ!" ಯಾರೋ ಹುಡುಗಿ ಹೇಳಿದಳು. ನಗೆ ಹಬ್ಬಿತು. ಬ್ಯಾಂಕಿನ ಹುಡುಗಿಗೂ ನಗು ತಡೆಯಲಾಗಲಿಲ್ಲ. "ಸರ್, ಈ ಅಜ್ಜೀನ ಹಲಗೆ ಮೇಲೆ ದೊಡ್ಡದಾಗಿ ಬರೀರಿ. ಮಕ್ಕಳು ಅವಳಿಗೆ ಬುದ್ಧಿ ಹೇಳ್ಲಿ."

ತಾತ ಸೀಮೆಸುಣ್ಣ ತೆಗೆದುಕೊಂಡ. ಕನ್ನಡಕ ಬರೆದ. ಅಲ್ಲಿಗೆ ಕೈ ನಿಂತುಹೋಯಿತು. ತಿರುಗಿ ನೋಡಿದರೆ ಮೊಮ್ಮಗಳು ಬೆಂಚಿನ ಮೇಲಿನ ಗೀಚುಗಳನ್ನು ಉಗುರಿನಿಂದ ಕೆರೆಯುತ್ತಿದ್ದಳು. ಪಕ್ಕದವಳು ಏನೋ ಕೇಳಿದ್ದಕ್ಕೆ ಇಲ್ಲ ಎಂದು ತಲೆಯಾಡಿಸಿದಳು.

"ಕಣ್ಣು ಮಂಜಾಗ್ತಿದೆ ಮೇಡಂ, ಇಷ್ಟು ಸಾಕು" ಎಂದ ತಾತ.

ಮಕ್ಕಳಿಗೆ ಅಷ್ಟೇ ಸಾಕಾಯಿತು. ಕನ್ನಡಕದ ಮೇಲೆ ಒಬ್ಬೊಬ್ಬರಾಗಿ ಬಂದು ಅಡ್ಡಗೀಟು ಹಾಕಿದರು. ಪಾಠ ಮುಗಿದ ಮೇಲೆ ಗುಡ್ಡೆಗಳನ್ನೆಲ್ಲ ಮೂಟೆ ಕಟ್ಟಿ, ಪ್ಲಾಸ್ಟಿಕ್ ಕರಗಿಸುವ ಕಡೆಗೆ ಹೊರಟಿದ್ದ ಗಾಡಿಗೆ ಏರಿಸಿದರು. ತಾತ ಖಾಲಿ ಡಬ್ಬ ಹಿಡಿದು ಮನೆಗೆ ಬಂದ.

ಅಂದು ಸಂಜೆ ತಾತ, ಮೊಮ್ಮಗಳು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ಕೊನೆಗೆ ಅವಳೇ ಬಾಯಿಬಿಟ್ಟಳು.

"ತಾತ, ನೀವ್ಯಾಕೆ ಹೇಳಲಿಲ್ಲ, ಅದು ನಮ್ಮಜ್ಜಿ ಅಂತ?"

"ನೀನ್ಯಾಕೆ ಹೇಳಲಿಲ್ಲ?"

ತಟ್ಟೆ ಹಾಕಿಕೊಂಡು ಬಂದು ಕೂತು, ಏನು ಎತ್ತ ಎಂದು ಮಗ ವಿಚಾರಿಸಿದ. ಮೊಮ್ಮಗಳು ಅಳುತ್ತಲೇ ಎಲ್ಲ ಹೇಳಿದಳು. ಮಗನಿಗೆ ಪಿತ್ತ ನೆತ್ತಿಗೇರಿತು.

"ಎಸೆಯೋರು ಯಾರೋ, ಬೈಸ್ಕೊಳ್ಳೋಳು ನಮ್ಮಮ್ಮನಾ?"

"ಅದನ್ನೇ ನಾನೂ ಹೇಳ್ತಿರೋದು. ಅವಳ ಮುಖ ತೆಗಿ ಪ್ಯಾಕೆಟ್ಟಿಂದ" ಎಂದ ತಾತ.

"ಮುಖ ತೆಗೆದ್ರೆ ಉಳಿಯೋದು ಬರೀ ಕಡಲೆ. ಕಡಲೆ ಎಲ್ಲರ ಹತ್ರಾನೂ ಇದೆ ಅಪ್ಪ. ಅಂಗಡೀಲಿ ಜನ 'ಅಜ್ಜಿ ಕೊಡಿ' ಅಂತ ಕೇಳ್ತಾರೆ, ನನ್ನ ಮುಖ ನೋಡ್ಕೊಂಡು ಕೊಳ್ಳಲ್ಲ."

"ನಿನ್ನ ಮುಖ ಹಾಕ್ಕೋ ಹಾಗಾದ್ರೆ! ನಿನ್ನನ್ನ ತುಳೀಲಿ!"

"ಬರೆದೋರು ಯಾರು ಅದನ್ನ? ನಾನಾ?" ಮಗ ತಟ್ಟೆ ಸರಿಸಿದ. "ಗಾಡಿ ಮೇಲೆ ಹಾಕಿ ಬೀದೀಲಿ ನಿಲ್ಲಿಸಿದೋರು ನೀವು. ನಾನು ಪ್ಯಾಕೆಟ್ ಮೇಲೆ ಹಾಕ್ಸಿದ್ದು ತಪ್ಪಾಗೋಯ್ತಾ?"

ಮೊಮ್ಮಗಳು ಮೂಗು ಒರೆಸಿಕೊಂಡು "ಅಜ್ಜಿ ಥರ ಪೇಪರ್ ಪೊಟ್ಟಣ ಮಾಡೋಣ" ಎಂದಳು. ಬೇರೆ ಯಾರಾದರೂ ಹೇಳಿದ್ದರೆ ಅಂದೇ ತಳ್ಳಿಹಾಕುತ್ತಿದ್ದರು. ಮಗಳು ಅಳುತ್ತಿದ್ದಳಲ್ಲ, ಸೊಸೆ ಒಂದು ಸಲ ನೋಡೋಣ ಎಂದಳು.

ಒಂದು ವಾರ ಮನೆಯಲ್ಲಿ ಮೆಷಿನ್ನಿನ ಸದ್ದಿರಲಿಲ್ಲ. ನಾಲ್ಕೂ ಜನ ನೆಲದ ಮೇಲೆ ಕೂತು ಕಂದು ಕಾಗದದ ಚೀಲ ಅಂಟಿಸಿದರು. ತಾತ ಹೆಂಡತಿ ಹಳೇ ಸುದ್ದಿ ಓದುತ್ತಿದ್ದ ಕಥೆ ಹೇಳಿದ, ಸೊಸೆ ನಕ್ಕಳು, ಮಗನೂ ನಕ್ಕ. ಅಜ್ಜಿ ಹೋದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತ ವಾರ ಅದೊಂದೇ. ಆದರೆ ಅಜ್ಜಿಯ ಕಾಲದಲ್ಲಿ ಹುರಿದದ್ದು ಅಂದೇ ಖರ್ಚಾಗುತ್ತಿತ್ತು, ಅಂಗಡಿಯಲ್ಲಿ ನೇತಾಡುತ್ತ ದಿನ ಕಳೆಯಬೇಕಿರಲಿಲ್ಲ. ಕಡಲ ಗಾಳಿಗೆ ಕಾಗದದೊಳಗಿನ ಬೀಜ ಮೆತ್ತಗಾಗಿ ಹೋಯಿತು. ಮೂಲೆ ಅಂಗಡಿಯವನು ಎಲ್ಲವನ್ನೂ ವಾಪಸ್ ಕೊಟ್ಟು "ಯಾಕೆ, ಅಜ್ಜಿಗೆ ಹಲ್ಲೆಲ್ಲ ಬಿದ್ದು ಹೋದ್ವಾ?" ಎಂದು ಕೇಳಿದನಂತೆ. ಮನೆಮಂದಿಯೇ ಮೂರು ಹೊತ್ತೂ ಆ ಮೆತ್ತನೆಯ ಕಡಲೆ ತಿಂದು ಮುಗಿಸಬೇಕಾಯಿತು.

"ಪ್ಲಾಸ್ಟಿಕ್ ಬಿಡೋಕಾಗಲ್ಲ" ಎಂದಳು ಸೊಸೆ, ಒಂದು ಮಧ್ಯಾಹ್ನ ಅದನ್ನೇ ಅಗಿಯುತ್ತ. "ಮುಖ ಬಿಡೋಣ."

"ನೀನೂ ಶುರು ಮಾಡಿದ್ಯಾ?" ಎಂದ ಮಗ.

"ನೀವು ಸ್ಕೂಟರ್ ಹತ್ತಿ ಹೋಗ್ತೀರಿ. ಮೆಷಿನ್ ಮುಂದೆ ಕೂರೋಳು ನಾನು. ಪ್ಲಾಸ್ಟಿಕ್ ರೋಲ್ ಒಂಚೂರು ಜಾರಿದ್ರೆ ಬಾಯಿ ಅಂಟಿಸೋ ಆ ಕಾದ ಪಟ್ಟಿ ಅತ್ತೆ ಹಣೆ ಮೇಲೇ ಒತ್ತತ್ತೆ. ಪ್ರತಿ ಸಲ ಅಯ್ಯೋ ಅನ್ಸತ್ತೆ. ಯಾರ ಹತ್ರ ಹೇಳ್ಲಿ? ಮಾವ ಆದ್ರೆ ತೊಳೆದು ಹಗ್ಗಕ್ಕೆ ಹಾಕ್ತಾರೆ. ನಾನು ಎಲ್ಲಿ ಹಾಕ್ಲಿ?"

ಅತ್ತೆಯ ಜೊತೆ ಜೀವಮಾನವೆಲ್ಲ ಜಗಳವಾಡಿದ ಹೆಂಗಸು ಹಾಗೆ ಹೇಳಿದಾಗ ಮಗ ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸಿದ. "ಇರೋ ರೋಲ್ ಮುಗೀಲಿ" ಎಂದ. "ಅಪ್ಪ, ಬೇರೆ ಏನಾದ್ರೂ ಬರೆದುಕೊಡಿ."

ತಾತ ಹೊಸ ಚಿತ್ರಕ್ಕೆ ಕೂತ. ಯಾರಿಗೂ ಹೇಳದೆ ಮೊದಲು ಅವಳ ಮುಖವನ್ನೇ ಬರೆದು ನೋಡಿದ, ತನಗಾಗಿ. ಕನ್ನಡಕ ಸರಿಬಂತು. ನಗು ಬರಲಿಲ್ಲ. ಎಷ್ಟು ಸಲ ಅಳಿಸಿ ಬರೆದರೂ ಬೇರೆ ಯಾರೋ ಮುದುಕಿ ಕಾಗದದ ಮೇಲೆ ಕೂತು ಅವನನ್ನು ನೋಡಿದಳು. ಅದನ್ನು ಹರಿದು ಗಾಡಿಯ ಚಿತ್ರ ಬರೆದ. ಎರಡು ಚಕ್ರ, ಮೇಲೊಂದು ಕೊಡೆ, ಬಾಣಲೆ, ಪಕ್ಕದಲ್ಲಿ ಪೊಟ್ಟಣದ ಸಾಲು.

ಸೊಸೆ ಒದ್ದೆ ಕೈ ಒರೆಸಿಕೊಂಡು ನೋಡಿದಳು. "ಚೆನ್ನಾಗಿದೆ ಮಾವ. ಆದ್ರೆ ಗಾಡಿ ಹಿಂದೆ ಯಾರೂ ಇಲ್ವಲ್ಲ?"

"ಪೇಪರ್ ತರೋಕೆ ಹೋಗಿದ್ದಾಳೆ" ಎಂದ ತಾತ.

ಸೊಸೆ ಒಳಗೆ ಹೋಗಿ ಒಲೆ ಹಚ್ಚಿದಳು.

ಹಳೇ ರೋಲ್ ಮುಗಿಯಿತು. 'ಗಾಡಿ ಕಡಲೆ' ಅಂಗಡಿಗಳಿಗೆ ಬಂತು. ಕೆಲವು ದಿನ ಜನ ಅಜ್ಜಿ ಎಲ್ಲಿ ಎಂದು ಕೇಳಿದರು, ಆಮೇಲೆ ಗಾಡಿ ಕೊಡಿ ಎಂದೇ ಕೇಳತೊಡಗಿದರು. ಮಗ ಹೆದರಿದಷ್ಟು ವ್ಯಾಪಾರ ಬೀಳಲಿಲ್ಲ. ಮೆಷಿನ್ನಿನ ಸದ್ದು ಮರಳಿ ಬಂತು, ಬಿಡುವಾದವರು ಬಿಡುವಾದಾಗ ಉಣ್ಣತೊಡಗಿದರು. ಹಿತ್ತಲಿನ ಹಗ್ಗದ ಮೇಲೆ ಈಗ ಬಟ್ಟೆಗೆ ಬೇಕಾದಷ್ಟು ಜಾಗವಿತ್ತು.

ಗೆದ್ದವನು ತಾತನೇ. ಆದರೆ ಬೆಳಿಗ್ಗೆ ದಂಡೆಗೆ ಹೋದರೆ ಅಜ್ಜಿ ದಿನಕ್ಕೊಬ್ಬಳು ಸಿಗುವುದೂ ಅಪರೂಪವಾಯಿತು, ಅಂಗಡಿಗಳ ಮುಂದೆಯೂ ಇಲ್ಲ, ಡಬ್ಬದಲ್ಲೂ ಇಲ್ಲ. ಮನೆಯ ಗೋಡೆಯ ಫೋಟೋದಲ್ಲಿ ಕಣ್ಣು ಮುಚ್ಚಿಕೊಂಡವಳೊಬ್ಬಳು ಇದ್ದಳು, ಅಷ್ಟೆ. ಅವಳನ್ನು ಮಣ್ಣು ಮಾಡಿದ ದಿನಕ್ಕಿಂತ ಈಗ ಅವನಿಗೆ ಹೆಚ್ಚು ಒಂಟಿ ಎನಿಸುತ್ತಿತ್ತು. ಬರಿಗೈಲಿ ಬೇಗ ಮನೆಗೆ ಹೋಗಿ ಮಾಡುವುದೇನು ಎಂದು ಬಾಟಲಿ ಎತ್ತಿದ. ಮರುದಿನ ಬಲೆಯ ತುಂಡು ಬಿಡಿಸಿದ. ಒಂಟಿ ಚಪ್ಪಲಿಗಳನ್ನೂ ಬಿಡಲಿಲ್ಲ. ಗಾಡಿಯ ಪ್ಯಾಕೆಟ್ಟುಗಳು ಸಿಕ್ಕರೆ ಅವನ್ನೂ ಎಲ್ಲದರ ಜೊತೆ ಮೂಟೆಗೆ ಹಾಕಿದ. ಈಗ ನಿಜವಾಗಿಯೂ ಅವನು ಬ್ಯಾಂಕಿನ ಹುಡುಗಿ ತಿಳಿದುಕೊಂಡಿದ್ದಂಥ ಮನುಷ್ಯನಾಗಿದ್ದ. ಅದು ಯಾರ ಗಮನಕ್ಕೂ ಬರಲಿಲ್ಲ.

ಆ ಭಾನುವಾರ ತಾನೂ ಬರುತ್ತೇನೆ ಎಂದಿದ್ದ ಮೊಮ್ಮಗಳು ಮುಸುಕು ಹೊದ್ದು ಮಲಗಿದ್ದಳು. ತಾತ ಎಬ್ಬಿಸದೆ ಒಬ್ಬನೇ ಹೋದ. ಬಂಡೆಗಳ ಹತ್ತಿರ ಪಾಚಿಯ ಅಡಿಯಲ್ಲಿ ಏನೋ ಮಿಂಚಿದಂತಾಗಿ ಕೈ ಹಾಕಿ ಎಳೆದ. ಅಜ್ಜಿಯ ಪ್ಯಾಕೆಟ್. ಎಷ್ಟು ದಿನ ನೀರಿನಲ್ಲಿತ್ತೋ, ಬಣ್ಣವೆಲ್ಲ ತೊಳೆದುಹೋಗಿತ್ತು. ಹೆಸರಿಲ್ಲ, ಸುಕ್ಕಿಲ್ಲ. ಉಳಿದಿದ್ದು ಜಾರಿದ ಕನ್ನಡಕ, ಅದರ ಕೆಳಗೆ ಒಂದು ಬದಿಗೆ ಎದ್ದ ನಗುವಿನ ಗೆರೆ. ತನ್ನ ಕೈಗೆ ಮತ್ತೆ ಬಾರದ ಗೆರೆ. ಟೋಪಿ ಸರಿಮಾಡಿಕೊಳ್ಳುವವನಂತೆ ಅತ್ತಿತ್ತ ನೋಡಿ, ಮಡಿಸಿ ಕಿಸೆಗೆ ಹಾಕಿಕೊಂಡ.

ಕೆಲಸ ಮುಗಿದು ಮೂಟೆಗಳನ್ನೆಲ್ಲ ಸುರಿದು ವಿಂಗಡಿಸಿದ ಮೇಲೆ ಬ್ಯಾಂಕಿನ ಹುಡುಗಿ ಒಂದು ಬಂಡೆ ಹತ್ತಿ ನಿಂತಳು.

"ಎಲ್ಲರೂ ಕೇಳಿ ಇಲ್ಲಿ! ಈ ವಾರ ಅಜ್ಜಿ ಒಂದೂ ಸಿಕ್ಕಿಲ್ಲ! ಒಂದೇ ಒಂದೂ ಇಲ್ಲ!" ಅವಳ ಮುಖ ಅರಳಿತ್ತು. "ಗಾಡಿ ಅಂತ ಹೊಸದೊಂದು ಶುರುವಾಗಿದೆ, ಅದನ್ನ ಮುಂದೆ ನೋಡ್ಕೊಳ್ಳೋಣ. ಇವತ್ತಿಗೆ ಅಜ್ಜಿ ಹೋದಳು! ಇದೆಲ್ಲ ಶುರುವಾಗಿದ್ದು ಸರ್‌ ಇಂದ. ಸರ್‌ಗೆ ಒಂದು ಜೋರು ಚಪ್ಪಾಳೆ!"

ಎಲ್ಲರೂ ಅವನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಪಕ್ಕದಲ್ಲಿದ್ದವನು "ನೀವೂ ತಟ್ಟಿ ಸಾರ್" ಎಂದು ಭುಜ ಅಲುಗಿಸಿದ.

ತಾತ ಕಿಸೆಯಿಂದ ಕೈ ತೆಗೆದು ತಾನೂ ಚಪ್ಪಾಳೆ ತಟ್ಟಿದ.